ಕ್ಯಾಲೆಂಡರಿನ ಚೇಳು

ಯುಗಾದಿಯ ಹಿಂದಿನ ಅಮಾವಾಸ್ಯೆ. ನನ್ನ ತಮ್ಮ ನ್ಯಾಮತಿಯ ನಮ್ಮ ಮನೆಯಲ್ಲಿ ಊಟ ಮಾಡಿ, ನನ್ನ ಹೊಲಿಗೆ ಮೆಷಿನ್ನಿನ ಪಕ್ಕ ಕೂತು ಕ್ಯಾಮೆರಾ ಒರೆಸುತ್ತಿದ್ದ. ಹೊನ್ನಾಳಿಯ ಒಂದು ಸ್ಟುಡಿಯೋದಲ್ಲಿ ಮದುವೆ ಫೋಟೋ ತೆಗೆಯುವ ಕೆಲಸ ಅವನದು. ಅಮಾವಾಸ್ಯೆಗೆ ಮದುವೆಯೂ ಇರುವುದಿಲ್ಲ, ಚಂದ್ರನೂ ಇರುವುದಿಲ್ಲ. ಆ ರಾತ್ರಿ ತನ್ನ ಸ್ವಂತ ಕ್ಯಾಮೆರಾ ಹಿಡಿದು ಜಗಳೂರು ಕಡೆಯ ಸೊಕ್ಕೆಗೆ ಹೋಗುತ್ತಿದ್ದ. ಬೀದಿದೀಪದ ಬೆಳಕು ತಾಗದ ಹೊಲಗಳು ಅಲ್ಲಿವೆ.

"ಬರ್ತೀಯೇನಕ್ಕ? ಆಕಾಶದಾಗಿನ ಚೇಳು ತೋರಿಸ್ತೀನಿ, ವೃಶ್ಚಿಕ ರಾಶಿ."

"ಚೇಳು ನೋಡಾಕೆ ಅಷ್ಟು ದೂರ ಯಾಕೋ? ಹಿತ್ತಲಾಗೆ ಕಲ್ಲೆತ್ತಿದ್ರೆ ಸಿಗ್ತಾವೆ."

ನಗುತ್ತಾ ಕ್ಯಾಮೆರಾ ಸ್ಟ್ಯಾಂಡನ್ನು ಸೈಕಲ್ ಟ್ಯೂಬಿನಿಂದ ಬೈಕಿಗೆ ಬಿಗಿದ. ನಾನು ಬ್ಲೌಸಿಗೆ ಹುಕ್ಕು ಹಾಕುತ್ತಿದ್ದೆ. ತಲೆ ಎತ್ತಲಿಲ್ಲ.

ಬೆಳಗಿನ ಜಾವ ವಾಪಸ್ ಬರುವಾಗ, ದೀಪವಿಲ್ಲದೆ ರಸ್ತೆಯಲ್ಲಿ ನಿಂತಿದ್ದ ಟ್ರೇಲರಿಗೆ ಅವನ ಬೈಕ್ ಬಡಿಯಿತು. ಆಸ್ಪತ್ರೆಗೆ ನಮಗಿಂತ ಮೊದಲು ಹೋದವನು ಸ್ಟುಡಿಯೋ ಮಾಲೀಕ. ತಮ್ಮನ ಕ್ಯಾಮೆರಾ ಅವನ ಕೈ ಸೇರಿತು. ತಮ್ಮನ ಹನ್ನೊಂದನೇ ದಿನದ ತಿಥಿಗೆ ತಂದುಕೊಟ್ಟ. ಒಳಗೆ ಮೆಮೊರಿ ಕಾರ್ಡ್ ಇರಲಿಲ್ಲ.

"ಒಡೆದೋಗಿತ್ತು ಕಣಮ್ಮ, ಬಿಸಾಕ್ಬಿಟ್ಟೆ" ಎಂದ. ನಂಬಿದೆ.

ಜನವರಿಗೆ ಅವನ ಸ್ಟುಡಿಯೋದ ಕ್ಯಾಲೆಂಡರ್ ಬಂತು. ಹೊಲದ ನಡುವೆ ಒಂಟಿ ಹುಣಸೆಮರ, ಮೇಲೆ ರಾಶಿ ನಕ್ಷತ್ರಗಳ ನಡುವೆ ಚೇಳು, ಕೆಳಗೆ 'ಛಾಯಾಗ್ರಹಣ' ಎಂದು ಮಾಲೀಕನ ಹೆಸರು. ತಮ್ಮ ಆ ಮರದ ವಿಷಯ ಎಷ್ಟೋ ಸಲ ಹೇಳಿದ್ದ. ಫೋನ್ ಮಾಡಿದೆ.

"ನಾನೇ ಹೋಗಿ ತೆಗ್ದಿದ್ದು. ನಿಮ್ಮ ತಮ್ಮಗೆ ಕ್ಯಾಮೆರಾ ಹಿಡಿಯಾಕೆ ಕಲಿಸಿದೋನೇ ನಾನು" ಎಂದ.

ಆವತ್ತಿಗೆ ನನ್ನ ಅಳು ನಿಂತಿತು. ಇವನನ್ನು ನಾಲ್ಕು ಜನರ ಮುಂದೆ ನಿಲ್ಲಿಸಬೇಕು ಎಂಬುದೊಂದೇ ಉಳಿಯಿತು.

ಹತ್ತನೇ ತರಗತಿ ಓದಿದವಳು ನಾನು. ತಮ್ಮನ ಕ್ಯಾಮೆರಾಕ್ಕೆ ಹೊಸ ಕಾರ್ಡ್ ಹಾಕಿ, ಫೋನಿನಲ್ಲಿ ನಕ್ಷತ್ರ ತೋರಿಸುವ ಆ್ಯಪ್ ಹಾಕಿಕೊಂಡು ಮಾಳಿಗೆಯ ಮೇಲೆ ಕೂತೆ. ಮೊದಮೊದಲು ನಕ್ಷತ್ರಗಳು ಮಂಡಕ್ಕಿ ಉಬ್ಬಿದ ಹಾಗೆ ಬಂದವು, ಫೋಕಸ್ ಕೂತಿರಲಿಲ್ಲ. ಶಟರ್ ಮೂವತ್ತು ಸೆಕೆಂಡು ತೆರೆದಿಟ್ಟರೆ ಗೆರೆಯಾದವು, ಹದಿನೈದಕ್ಕೆ ಇಳಿಸಿದ ಮೇಲೆ ಚುಕ್ಕಿಯಾಗಿ ನಿಂತವು. ಪ್ರತಿ ಸಲ ಬಟನ್ ಒತ್ತುವಾಗಲೂ ಮಾಲೀಕನ ಮುಖ ನೆನೆಸಿಕೊಳ್ಳುತ್ತಿದ್ದೆ.

ವರ್ಷ ತುಂಬುವ ಅಮಾವಾಸ್ಯೆಗೆ ಗಂಡನ ಬೈಕಿನಲ್ಲಿ ಸೊಕ್ಕೆಗೆ ಹೋದೆ. ಅದೇ ಹುಣಸೆಮರ. ಬೆಳಗಿನ ಜಾವ ದಕ್ಷಿಣದಲ್ಲಿ ಚೇಳು ಏರಿ ನಿಂತಿತು. ನಾನು ತೆಗೆದ ಚಿತ್ರದಲ್ಲಿ ಅದರ ಕೊಂಡಿ ಎಡಕ್ಕೆ ಸುತ್ತಿತ್ತು. ಕ್ಯಾಲೆಂಡರಿನಲ್ಲಿ ಬಲಕ್ಕೆ. ಮರದ ಮುರಿದ ಕೊಂಬೆಯೂ ಹಾಗೆಯೇ, ಆ ಕಡೆಯದು ಈ ಕಡೆ.

ಮದುವೆ ಆಲ್ಬಮ್ಮಿನ ಪುಟಕ್ಕೆ ಹೊಂದದಿದ್ದರೆ ಸ್ಟುಡಿಯೋದವರು ಫೋಟೋವನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡದಿಂದ ಬಲಕ್ಕೆ ತಿರುಗಿಸುತ್ತಾರೆ. ಮೊದಲು ಹೆಣ್ಣುಮಕ್ಕಳ ಸೆರಗು ನೋಡಿಕೊಳ್ಳಬೇಕು, ಇಲ್ಲವಾದರೆ ಅದು ಬಲ ಭುಜಕ್ಕೆ ಬಂದು ನಗೆಪಾಟಲಾಗುತ್ತದೆ ಎಂದು ತಮ್ಮ ಹೇಳುತ್ತಿದ್ದ. ಮರವಿದ್ದ ಕಡೆಯೇ ತಾರೀಖಿನ ಚೌಕಗಳು ಬರಬೇಕಾಗಿದ್ದರಿಂದ ಮಾಲೀಕ ಈ ಚಿತ್ರವನ್ನೂ ತಿರುಗಿಸಿದ್ದ.

ನಾನು ಅವಸರ ಮಾಡಲಿಲ್ಲ. ಸ್ಟುಡಿಯೋ ತುಂಬುವ ಮದುವೆ ಕಾಲಕ್ಕೆ ಕಾದೆ. ಚನ್ನಗಿರಿ ಕಡೆಯ ಮದುವೆಯವರು ಆಲ್ಬಮ್ ನೋಡುತ್ತಿದ್ದ ದಿನ ಹೋಗಿ ಕೇಳಿದೆ.

"ನೀವೇ ನಿಂತು ತೆಗೆದಿದ್ದಲ್ರಿ? ಈ ಚೇಳಿನ ಕೊಂಡಿ ಆಕಾಶದಾಗೆ ಯಾವ ಕಡೆಗೈತೆ?"

ಗೋಡೆಯ ಕ್ಯಾಲೆಂಡರ್ ನೋಡಿ, "ಬಲಕ್ಕೈತಲ್ಲಮ್ಮ, ಕಾಣ್ಸಲ್ವಾ?" ಎಂದ.

ನನ್ನ ಚಿತ್ರವನ್ನೂ ಫೋನಿನ ನಕ್ಷತ್ರ ನಕ್ಷೆಯನ್ನೂ ಮೇಜಿನ ಮೇಲಿಟ್ಟೆ. "ಎಡಕ್ಕೈತೆ. ಅಲ್ಲಿ ನಿಂತು ನೋಡಿದ್ರೆ ಗೊತ್ತಿರ್ತಿತ್ತು. ಆಕಾಶಕ್ಕೆ ಸೆರಗಿಲ್ಲ ಅಂತ ತಿರುಗಿಸ್ಬಿಟ್ರಿ. ಸತ್ತೋನ ಕಾರ್ಡಿನಾಗಿದ್ದ ಫೋಟೋ ಇದು."

ಮದುಮಗಳ ಸೋದರಮಾವ ಆಲ್ಬಮ್ ಮುಚ್ಚಿದರು. "ಯಜಮಾನ್ರೇ, ನಮ್ಮ ಮದ್ವೆಗಾದ್ರೂ ನೀವೇ ಬಂದಿದ್ರೋ?"

ಎಲ್ಲರೂ ನಕ್ಕರು. ಆ ನಗೆ ಮುಗಿಯುವವರೆಗೂ ನಾನು ಅಲ್ಲೇ ನಿಂತಿದ್ದೆ. ಅವತ್ತು ರಾತ್ರಿ ವರ್ಷದ ಮೇಲೆ ಹೊಟ್ಟೆ ತುಂಬ ಉಂಡೆ. ಅದಕ್ಕೆ ನನಗೆ ನಾಚಿಕೆಯಿಲ್ಲ.

ಮಾರನೆಯ ದಿನ ಅವನು ಉಳಿದ ಕ್ಯಾಲೆಂಡರುಗಳಲ್ಲಿ ತನ್ನ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿದನಂತೆ. ತಮ್ಮನ ಹೆಸರು ಹಾಕಿ ಎಂದು ಮತ್ತೆ ಫೋನ್ ಮಾಡಿದೆ.

"ನನ್ನ ಹೆಸ್ರು ತೆಗ್ದೀನಲ್ಲಮ್ಮ, ಇನ್ನೇನು?" ಎಂದು ಇಟ್ಟುಬಿಟ್ಟ.

ಆ ಚಿತ್ರದ ಕೆಳಗೆ ಈಗ ಯಾರ ಹೆಸರೂ ಇಲ್ಲ. ತಮ್ಮನ ಹೆಸರು ಇನ್ನೂ ಬಂದಿಲ್ಲ.