ಅರವತ್ತೆರಡನೇ ಪುಟದವರೆಗೆ

"ಮೇಡಂ, ಒಂದೇ ಒಂದು ವಿಷಯ ಹೇಳ್ಬುಡಿ. ಆಯಮ್ಮ ರತ್ನಮ್ಮನಾ, ಅಲ್ವಾ?"

ಶನಿವಾರ ಮಧ್ಯಾಹ್ನ. ಗೊತ್ತಿಲ್ಲದ ನಂಬರು. ಹೆಣ್ಣುದನಿ, ಅದೂ ಪಿಸುಮಾತು. ನನ್ನ ಕೈಯಲ್ಲಿ ಸಾರಿನ ಸೌಟು. ಯಾವ ರತ್ನಮ್ಮ? ಚನ್ನಪಟ್ಟಣದಲ್ಲಿ ನಮ್ಮ ಬೀದಿಯೊಂದರಲ್ಲೇ ಇಬ್ಬರಿದ್ದಾರೆ.

"ನೀವೇ ಪೇಪರ್‌ನಲ್ಲಿ ಬರ್ದಿದ್ರಲ್ಲ ಮೇಡಂ. ಹತ್ತು ಪುಟ ಓದಿ, ಆಮೇಲೆ ಕೆಳಗಿಡೋಕಾದ್ರೆ ನನ್ನ ಹೆಸರೇ ಬದಲಾಯಿಸ್ಕೋತೀನಿ ಅಂತ."

ಓ, ಆ ರತ್ನಮ್ಮ!

ನಿಮಗೂ ನೆನಪಿರಬಹುದು. ಮೂರು ವಾರದ ಹಿಂದೆ, ಓದೋಕೆ ಟೈಮಿಲ್ಲ ಎಂದು ಗೋಳಾಡುವವರಿಗಾಗಿ ಇದೇ ಜಾಗದಲ್ಲಿ ಐದು ಪುಸ್ತಕ ಸೂಚಿಸಿದ್ದೆ. ಎಲ್ಲವೂ ಶುರುವಿನಲ್ಲೇ ಕೈಹಿಡಿದು ಕೂರಿಸಿಕೊಳ್ಳುವಂಥವು. (ಮೊದಲ ಮೂರು ಪುಟ ಮೋಡದ ವರ್ಣನೆ, ಮುಂದಿನ ಮೂರು ಪುಟ ನಾಯಕನ ವಂಶಾವಳಿ ಇರುವ ಕಾದಂಬರಿ ನನ್ನ ಲಿಸ್ಟಿಗೆ ಬರುವುದೇ ಇಲ್ಲ. ಅವನ ಮುತ್ತಾತನನ್ನು ಕಟ್ಟಿಕೊಂಡು ನನಗೇನಾಗಬೇಕು?) ಅದರಲ್ಲಿ ಎರಡನೆಯದು ಈ ಕಾದಂಬರಿ. ಹೆಂಗಸೊಬ್ಬಳು ಗೊತ್ತಿಲ್ಲದ ಊರಲ್ಲಿ ಬಸ್ಸಿಳಿಯುತ್ತಾಳೆ. ಎದುರಿಗೆ ಬಂದವರೆಲ್ಲ, "ರತ್ನಮ್ಮ, ಆರು ವರ್ಷ ಎಲ್ಲೋಗಿದ್ಯವ್ವಾ?" ಎನ್ನುತ್ತಾರೆ. ಅವಳ ಹೆಸರು ರತ್ನಮ್ಮ ಅಲ್ಲ. ಇಷ್ಟೂ ಮೊದಲ ಪುಟದಲ್ಲೇ! ಇನ್ನೇನು ಬೇಕು?

ಫೋನ್ ಮಾಡಿದವಳು ಅಕ್ಕೂರಿನ ಮಂಜುಳ. ಪತ್ರಿಕೆಯ ಏಜೆಂಟರಿಂದ ನನ್ನ ನಂಬರು ಪಡೆದಿದ್ದಳು. ಮನೆಯಲ್ಲಿ ರೇಷ್ಮೆ ಬೆಳೆ. ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕಲು ಹೋದವಳು, ಸೊಪ್ಪಿನ ಮೂಟೆಗೆ ಒರಗಿಕೊಂಡು ಒಂದೇ ಪುಟ ಎಂದು ಅರ್ಧ ಓದಿಟ್ಟಿದ್ದ ಪುಸ್ತಕ ತೆರೆದಿದ್ದಾಳೆ. ಒಂದು ಪುಟ ನಲವತ್ತಾಯಿತು. ಅಷ್ಟರಲ್ಲಿ ಹುಳಗಳು ಹಣ್ಣಾಗಿಬಿಟ್ಟವು. ಹಣ್ಣಾದ ಹುಳ ಸೊಪ್ಪು ಬಿಟ್ಟು ಗೂಡು ಕಟ್ಟಲು ಜಾಗ ಹುಡುಕುತ್ತದೆ. ತಕ್ಷಣ ಎತ್ತಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ಬಿದಿರಿನ ತಟ್ಟಿಗೆ, ಬಿಡಬೇಕು. ಬಿಡದಿದ್ದರೆ ಕಸದಲ್ಲೇ ಕಟ್ಟುತ್ತದೆ, ಆ ಗೂಡನ್ನು ರಾಮನಗರದ ಮಾರ್ಕೆಟ್‌ನಲ್ಲಿ ಯಾರೂ ಮೂಸುವುದಿಲ್ಲ. ಎರಡು ತಟ್ಟೆ ಹುಳ ಹಾಗೆ ಹೋಯಿತು. ಅತ್ತೆ ಕೆಂಪಮ್ಮ ಬಂದು ನೋಡಿ, ಪುಸ್ತಕ ಕಿತ್ತುಕೊಂಡು ಟ್ರಂಕಿಗೆ ಹಾಕಿ ಬೀಗ ಜಡಿದಿದ್ದಾರೆ. ಇನ್ನು ಮುಂದೆ ಈ ಮನೆಗೆ ಪುಸ್ತಕ ಬರಕೂಡದು ಅಂತ ಆರ್ಡರ್ ಬೇರೆ.

"ಇನ್ನು ಮೂವತ್ತು ಪುಟ ಇತ್ತು ಮೇಡಂ. ಕೊನೇಲಿ ಏನಾಯ್ತದೆ ಅಂತ ಹೇಳ್ಬುಡಿ, ಸಾಕು."

"ಹೇಳಿಬಿಟ್ರೆ ಮಜಾ ಹೋಗುತ್ತಲ್ಲಮ್ಮ" ಎಂದೆ.

"ಮಜಾ ಆಗ್ಲೇ ಹೋಗೈತೆ ಮೇಡಂ."

ನಾನು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದರೆ, ನನಗೇ ಗೊತ್ತಿರಲಿಲ್ಲ.

ಹೌದು ಸ್ವಾಮಿ, ಬೈಯಿರಿ. ನಾನು ಓದಿದ್ದು ಅರವತ್ತೆರಡು ಪುಟ. ಆಮೇಲೆ ಆ ಪುಸ್ತಕವನ್ನು ಮಾಗಡಿ ಬಸ್ಸಿನಲ್ಲಿ ಮರೆತುಬಂದೆ. (ಸಿಕ್ಕವರು ನನಗಿಂತ ಜಾಸ್ತಿ ಓದಿರುತ್ತಾರೆ, ಅನುಮಾನವಿಲ್ಲ.) ಶುರು ಚೆನ್ನಾಗಿರುವ ಪುಸ್ತಕಗಳ ಬಗ್ಗೆ ಬರೆಯಲು ಶುರು ಓದಿದರೆ ಸಾಲದೇ? ಮದುವೆಮನೆ ಅಡುಗೆ ಹೇಗಿದೆ ಅಂತ ಹೇಳಲು ಪಾಯಸದವರೆಗೂ ಕಾಯಬೇಕೇ? ಇಂಥ ಸಮಜಾಯಿಷಿಗಳನ್ನೆಲ್ಲ ಗಂಡನ ಮುಂದೆ ಒಪ್ಪಿಸಿದೆ. ಅವರು ಟಿವಿಯಿಂದ ಕಣ್ಣು ತೆಗೆಯದೆ, "ಹೊಸ ಹೆಸರು ಏನಿಟ್ಕೋತೀಯ?" ಎಂದರು.

ಭಾನುವಾರ ಬೆಳಿಗ್ಗೆ ಸ್ಕೂಟರ್ ಹತ್ತಿ ಅಕ್ಕೂರಿಗೆ ಹೊರಟೆ. ಅತ್ತೆಗೆ ನಾಲ್ಕು ಬುದ್ಧಿಮಾತು ಹೇಳಿ, ಸೊಸೆಗೆ ಪುಸ್ತಕ ಕೊಡಿಸಿ, ಅದರ ಮೇಲೆ ಒಂದು ಅಂಕಣ ಬರೆದುಬಿಡುವ ಉಮೇದು.

ಪೇಪರ್‌ನಲ್ಲಿ ಆ ಪುಸ್ತಕದ ಬಗ್ಗೆ ಬರೆದವಳು ನಾನೇ ಎಂದು ಹೇಳಿ ಒಳಗೆ ಕಾಲಿಡುವಷ್ಟರಲ್ಲಿ, ಹುಳದ ಮನೆಯ ಬಾಗಿಲಲ್ಲೇ ಕೆಂಪಮ್ಮ ನನ್ನನ್ನು ತಡೆದರು. ಎಪ್ಪತ್ತರ ಆಸುಪಾಸು, ಗಟ್ಟಿ ಆಳು.

"ಪೌಡ್ರು ಹಾಕಿದ್ದೀಯ?"

"ಒಸಿ..." ಎಂದೆ. (ಊರಿಗೆ ತಕ್ಕ ಭಾಷೆ.)

"ತೊಳ್ಕಂಡು ಬಾ. ವಾಸನೆ ಆಗಕ್ಕಿಲ್ಲ ಹುಳಕ್ಕೆ."

ಮುಖ ತೊಳೆದು, ಚಪ್ಪಲಿ ಬಿಟ್ಟು, ಔಷಧಿ ನೀರಲ್ಲಿ ಕಾಲದ್ದಿ ಒಳಗೆ ಹೋದೆ. ಬುದ್ಧಿಮಾತು ಅಷ್ಟರಲ್ಲೇ ಅರ್ಧ ಕರಗಿತ್ತು. ಒಳಗೆ ಮಂಜುಳ ಇನ್ನೂ ಹಣ್ಣುಹುಳ ಎತ್ತುತ್ತಲೇ ಇದ್ದಳು. ಕಣ್ಣು ಊದಿತ್ತು.

"ನೋಡವ್ವ, ಮೂರು ಆಳಿನ ಕೆಲ್ಸ, ಇರೋರು ಇಬ್ರು" ಎಂದರು ಕೆಂಪಮ್ಮ. "ನಿನ್ನಿಂದಾನೇ ಕೆಲ್ಸ ಕೆಟ್ಟಿರೋದು. ಹುಳ ಎತ್ತೀಯಾ?"

ತಟ್ಟೆ ನೋಡಿದೆ. ಬೆರಳುದ್ದದ ಹುಳಗಳು ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದವು. ಹಿಂದಕ್ಕೆ ಸರಿದೆ.

"ಆಗಕ್ಕಿಲ್ವಾ? ಹಂಗಾರೆ ಕೂತ್ಕಂಡು ಓದು. ಇವ್ಳ ಕೈ ಹುಳದ್ ಮ್ಯಾಲಿರ್ಲಿ, ಕಿವಿ ನಿನ್ ಮ್ಯಾಲಿರ್ಲಿ. ನೆನ್ನೆಯಿಂದ ಅನ್ನ ಮುಟ್ಟಿಲ್ಲ ಇವ್ಳು." ಸೆರಗಿನ ಗಂಟಿನಿಂದ ಕೀ ತೆಗೆದರು. ಪುಸ್ತಕ ಬಂತು.

ಕೆಂಪಮ್ಮನಿಗೆ ಓದು ಬರದು, ಹಿಂದಿನ ಕಥೆಯೂ ಗೊತ್ತಿಲ್ಲ. ಹಾಗಾಗಿ ಮಂಜುಳ ಹುಳ ಎತ್ತುತ್ತಲೇ ಅಲ್ಲಿಯವರೆಗಿನದನ್ನು ಹೇಳಿದಳು. ರತ್ನಮ್ಮನ ತಾಯಿ, ಕಣ್ಣು ಮಂಜಾದ ಮುದುಕಿ. ಊರಿನ ಡಾಕ್ಟರು. ಹಳೇ ಫೋಟೋ. ನಾನು ಎಲ್ಲ ಗೊತ್ತಿರುವವಳಂತೆ ಗಂಭೀರವಾಗಿ ತಲೆಯಾಡಿಸುತ್ತಿದ್ದೆ.

"ಆಮೇಲೆ ಆ ಡಾಕ್ಟ್ರು ಸತ್ತೋದ್ನಲ್ಲ ಮೇಡಂ..."

"ಅಯ್ಯೋ, ಯಾವಾಗ?" ಎಂದುಬಿಟ್ಟೆ.

ಮಂಜುಳಳ ಕೈ ನಿಂತಿತು. "ನೀವು ಓದಿಲ್ವಾ ಮೇಡಂ?"

ಕೆಂಪಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

"ಮದ್ವೆ ಆಗಿ ಏಳು ವರ್ಷ ಆಯ್ತು ಮೇಡಂ. ಕಾಲೇಜಲ್ಲಿದ್ದಾಗ ಲೈಬ್ರರಿ ಮುಚ್ಚೋಗಂಟ ಓದ್ತಿದ್ದೆ. ಇಲ್ಲಿಗೆ ಬಂದ್ಮೇಲೆ ಹಿಡಿದಿದ್ದು ಇದೇ ಮೊದಲ್ನೇ ಪುಸ್ತಕ. ನೀವು ಹೇಳಿದ್ರಿ ಅಂತ ತರಿಸ್ಕಂಡೆ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಏಳು ವರ್ಷದ ಹಸಿವಿಗೆ ನಾನು ಬಡಿಸಿದ್ದು ರುಚಿ ನೋಡದ ಅಡುಗೆ.

"ಇಲ್ಲಮ್ಮ, ಓದಿಲ್ಲ. ಈಗ ಓದ್ತೀನಿ" ಎಂದು ಪುಸ್ತಕ ಬಿಡಿಸಿದೆ.

ಓದಿದೆ. ಮೂವತ್ತು ಪುಟ, ಗಟ್ಟಿಯಾಗಿ. ಕೆಂಪಮ್ಮನ ಕಾಮೆಂಟರಿ ನಿಲ್ಲಲಿಲ್ಲ. "ಆ ಮೈದುನನ್ನ ನಂಬ್ಬ್ಯಾಡ ಕಣವ್ವ!" ಎಂದು ರತ್ನಮ್ಮನಿಗೇ ಎಚ್ಚರಿಕೆ ಕೊಟ್ಟರು. ಚಂದ್ರಿಕೆಗಳು ಒಂದೊಂದಾಗಿ ತುಂಬಿದವು. ಹುಳ ಎತ್ತುವ ಕೈ ಒಂದು ಸಲವೂ ತಡವರಿಸಲಿಲ್ಲ. ನನಗೂ ಎಷ್ಟೋ ವರ್ಷದಿಂದ ಹೀಗೆ ಓದಿದ ನೆನಪಿಲ್ಲ. ಕೊನೇ ಪುಟ ಬಂತು. ಬಸ್ಸಿನ ಬ್ರೇಕ್ ಕಿರ್ರೆಂದಿತು. ಆ ಹೆಂಗಸು ಸೀಟಿನಲ್ಲಿ ಬೆಚ್ಚಿ ಕಣ್ಣುಬಿಟ್ಟಳು.

ಅಷ್ಟೂ ಕನಸು!

ಪುಸ್ತಕ ಎಲ್ಲಿ ಬಚ್ಚಿಡಲಿ ಎಂದು ನೋಡಿದೆ.

"ಕನಸಾ?" ಎಂದರು ಕೆಂಪಮ್ಮ. "ಮರಿಯಾಗಿದ್ದಾಗ ಹುಳ ಭೋ ಚೆನ್ನಾಗಿತ್ತು ಕಣ್ರಪ್ಪ ಅಂತ ರಾಮನಗರದಾಗೆ ಹೇಳಿದ್ರೆ ಗೂಡು ತಕ್ಕತಾರೇನವ್ವಾ?"

(ಶುರುವಿನಲ್ಲೇ ಹಿಡಿಯುವ ಪುಸ್ತಕಗಳ ಬಗ್ಗೆ ಇದಕ್ಕಿಂತ ಚೆನ್ನಾದ ವಿಮರ್ಶೆ ನಾನಂತೂ ಕೇಳಿಲ್ಲ.)

ಒಂದು ಹುಳವನ್ನು ಚಂದ್ರಿಕೆಗೆ ಬಿಟ್ಟು ಕೆಂಪಮ್ಮ ಮತ್ತೆ ಬಾಯಿ ತೆರೆದರು. "ಅದೆಲ್ಲ ಸುಳ್ಳು. ಆಯಮ್ಮ ರತ್ನಮ್ಮ ಅಲ್ಲ. ಊರೋರಿಗೆಲ್ಲ ಗೊತ್ತಿತ್ತು. ಆ ಮುದುಕಿಗೆ ಸಾಯೋ ಮುಂಚೆ ಮಗ್ಳು ಬೇಕಾಗಿತ್ತು. ಅದ್ಕೆ ಎಲ್ರೂ ಸೇರ್ಕಂಡು ರತ್ನಮ್ಮ ಅಂತ ಕರುದ್ರು. ಇವ್ಳೂ ಹೂಂ ಅಂದ್ಲು."

ಮಂಜುಳ ಅತ್ತೆಯನ್ನೇ ನೋಡುತ್ತಿದ್ದಳು. ಆಮೇಲೆ, ನಿನ್ನೆಯಿಂದ ಮೊದಲ ಸಲವೋ ಏನೋ, ನಕ್ಕಳು. "ಅದೇ ಸರಿ ಅತ್ತೆ. ಹಂಗೇ ಇರ್ಲಿ" ಎಂದಳು.

ಹೊರಡುವಾಗ ಕೆಂಪಮ್ಮ ಬಾಗಿಲವರೆಗೆ ಬಂದರು. "ಮುಂದಿನ ಬೆಳೆ ಹಣ್ಣಾದಾಗ ಬಾ. ಬ್ಯಾರೆ ಪುಸ್ತಕ ತಕ್ಕಂಡು ಬಾ. ಕಡೇಗಂಟ ಓದಿ ತಕ್ಕಂಡು ಬಾ" ಎಂದರು. ಹಿಂದೆ ನಿಂತಿದ್ದ ಮಂಜುಳಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ಇನ್ನೊಂದು ತಿಂಗಳಿದೆ. ನನ್ನ ಮೇಜಿನ ಮೇಲೆ ಹದಿನಾಲ್ಕು ಪುಸ್ತಕಗಳಿವೆ, ಎಲ್ಲದರ ಶುರುವೂ ಅದ್ಭುತ. ಕೊನೆ ಚೆನ್ನಾಗಿರುವ ಪುಸ್ತಕ ನಿಮಗೆ ಯಾವುದಾದರೂ ಗೊತ್ತಾ, ಅಥವಾ ನೀವೂ ಅರವತ್ತೆರಡನೇ ಪುಟದವರೇ?