ಕೂಸು ತಿರುಗಿ ನೋಡಿದ್ದು

ಸ್ನೇಹಿತರೇ, ತಿಪಟೂರಿನಿಂದ ತುರುವೇಕೆರೆವರೆಗೆ ನಾನು ಕರೆದರೆ ಬಾರದ ಕೂಸು ಇನ್ನೂ ಹುಟ್ಟಿಲ್ಲ. ಇವತ್ತು ಶೆಟ್ಟಿಕೆರೆಯಲ್ಲಿ ತಂಗಿ ಗೌರಿಗೂ ಇದನ್ನೇ ಹೇಳಿದೆ. ಅವಳು ಸಾಕುತ್ತಿರುವ ಮೊಮ್ಮಗಳು ಈಗಷ್ಟೇ ಅಂಬೆಗಾಲಿಡುತ್ತಾಳೆ.

"ನೀನು ಬಾಯಿ ಬಿಡಬಾರ್ದು. ಕೂಸು ಅದಾಗೇ ನನ್ ತಾವ ಬತ್ತದೆ. ಕಟ್ಟು ದುಡ್ಡಿನ ಪಂದ್ಯ!"

"ಕಟ್ದೆ ಕಣಣ್ಣ. ಮೀಸೆ ಜೋಪಾನ."

ಅಟ್ಟದಿಂದ ಒಣಗಿದ ಕಾಯಿ ತಂದು ಅಲ್ಲಾಡಿಸಿದೆ. ಒಳಗಿನ ಕೊಬ್ಬರಿ ಗಡಗಡ ಎಂದಿತು. ಕೂಸು ಕಣ್ಣರಳಿಸಿಕೊಂಡು ನನ್ನತ್ತ ಹೊರಟಿತು. ಅರ್ಧ ದಾರಿಯಲ್ಲಿ ನಿಂತು, ತಿರುಗಿ ಅಜ್ಜಿಯ ಮುಖ ನೋಡಿತು. ಗೌರಿ ಸುಮ್ಮನೆ ಹುಬ್ಬು ಗಂಟಿಕ್ಕಿದಳು. ಕೂಸು ಸರ್ರನೆ ಹಿಂದಿರುಗಿ ಅವಳ ಮಡಿಲು ಸೇರಿತು!

"ಮೋಸ ಕಣೇ!" ಎಂದೆ.

"ನಾನೆಲ್ಲಿ ಬಾಯಿ ಬುಟ್ಟೆ?" ಎಂದು ಕೂಸನ್ನು ಮತ್ತೆ ಕೆಳಗಿಳಿಸಿದಳು. ಅದು ಇನ್ನೊಮ್ಮೆ ತಿರುಗಿ ನೋಡಿತು. ಈ ಸಲ ಗೌರಿ ನಕ್ಕಳು, ಅಷ್ಟೇ. ಕೂಸು ನೇರ ಬಂದು ನನ್ನ ಮೀಸೆ ಹಿಡಿದು ಜಗ್ಗಿತು. ಕಣ್ಣಲ್ಲಿ ನೀರು ಬಂತು, ಮೀಸೆಯ ನೋವಿಗೆ ಎಂದುಕೊಳ್ಳಿ. ಮಾತೇ ಬಾರದ ಜೀವ, ಈ ಲೋಕವನ್ನು ನಂಬಬಹುದೋ ಬಾರದೋ ಎಂಬುದನ್ನು ಒಂದು ಮುಖದಲ್ಲಿ ಓದಿಕೊಳ್ಳುತ್ತದಲ್ಲ! ಏಳನೇ ಕ್ಲಾಸಿನವರೆಗೆ ಹೋದರೂ ನಾನು ಅಷ್ಟು ಚೆನ್ನಾಗಿ ಓದಲಿಲ್ಲ.

ಕೂಸು ಅದಾಗೇ ಬರಲಿಲ್ಲ, ಅಜ್ಜಿಯ ನಗು ಕಳಿಸಿತು. ಸೋತೆ. ನಮ್ಮ ಮನೆಯಲ್ಲಿ ಪಂದ್ಯಕ್ಕೆ ಐವತ್ತು ರೂಪಾಯಿ ಹೋಯಿತು ಎಂದಿದ್ದೇನೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ, ಐನೂರು.