ಡಾಕ್ಟರಬಾಯಿಯ ಎರಡು ಬಾವಿಗಳು

ಮೊನ್ನೆ ಮೊಮ್ಮಗಳು ಬಿಳಿ ದಾರವನ್ನು ಬೆಂಕಿಕಡ್ಡಿಗೆ ಸುತ್ತುತ್ತ ಕೂತಿದ್ದಳು. ಸುಮ್ಮನೆ ಆಟ. ನಾನು ಅದನ್ನು ಕಸಿದು ಅಂಗಳಕ್ಕೆ ಎಸೆದುಬಿಟ್ಟೆ. ಮಗು ಅತ್ತಿತು. ಯಾಕೆ ಹಾಗೆ ಮಾಡಿದಿರಿ ಎಂದು ಸೊಸೆ ಕೇಳಿದಳು. ನಮ್ಮ ಕಾಲದಲ್ಲಿ ಜನರ ಕಾಲೊಳಗಿಂದ ಇಣುಕಿದ ಹುಳವನ್ನು ಹೀಗೆಯೇ ಕಡ್ಡಿಗೆ ಸುತ್ತುತ್ತಿದ್ದರು. ದಿನಕ್ಕೆ ಒಂದು ಬೆರಳಷ್ಟು, ಹರಿಯದ ಹಾಗೆ. ನಾರು ಹುಣ್ಣು ಎನ್ನುತ್ತಿದ್ದರು. ಹುಳ ನಡುವೆ ಹರಿದರೆ ಕಾಲು ಬಾತು, ಕೀವು ತುಂಬಿ, ಮನುಷ್ಯ ತಿಂಗಳುಗಟ್ಟಲೆ ನೆಲ ಬಿಟ್ಟು ಏಳುತ್ತಿರಲಿಲ್ಲ.

ಆ ಹುಳದ ಬೆನ್ನು ಹತ್ತಿದವರು ನಮ್ಮ ಡಾಕ್ಟರಬಾಯಿ.

ಆಗ ನಿಜಾಮರ ಆಳ್ವಿಕೆಯ ಕಡೆಯ ವರ್ಷಗಳು. ಅವರು ರಾಯಚೂರಿನ ವಕೀಲರೊಬ್ಬರ ಮಗಳು. ವೈದ್ಯಕೀಯ ಓದಿ ಮುಗಿಸಿದ್ದರು. ರೋಗ ಊರಿನಿಂದ ಊರಿಗೆ ಹೇಗೆ ಹರಡುತ್ತದೆ ಎಂಬ ಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಲು ದೂರದ ವಿಶ್ವವಿದ್ಯಾಲಯವೊಂದನ್ನು ಸೇರಿದ್ದರು. "ಒಮ್ಮೆ ಡಾಕ್ಟರ್ ಆಗ್ಯಾರ, ಮತ್ತೊಮ್ಮೆ ಯಾಕ ಆಗಬೇಕಂತ?" ಎಂದು ನಮ್ಮಪ್ಪ ಕೇಳಿದ್ದರು. ಅಪ್ಪ ಮಾನ್ವಿಯ ಗುಡಿಯೊಂದರಲ್ಲಿ ಪೂಜೆ ಮಾಡುತ್ತಿದ್ದರು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಸದಾಗಿ ಸೇರಿದ ಶಿಕ್ಷಕಿ. ಮನೆಮನೆಗೆ ಹೋಗಿ ಹೆಂಗಸರನ್ನು ಮಾತಾಡಿಸಿ ಬರೆದುಕೊಳ್ಳಲು ಅವರಿಗೆ ಅಕ್ಷರ ಬಲ್ಲ ಹೆಣ್ಣುಮಗಳೊಬ್ಬಳು ಬೇಕಾಗಿತ್ತು. ರಜೆಯಲ್ಲಿ ನಾನು ಅವರ ಜೊತೆ ಬಂಡಿ ಹತ್ತಿದೆ. ಊರೂರು ತಿರುಗಿ ಬಂದವಳು ಹಿತ್ತಲಲ್ಲಿ ಸ್ನಾನ ಮಾಡಿಯೇ ಒಳಗೆ ಬರಬೇಕು ಎಂಬುದು ಅವ್ವನ ಷರತ್ತು.

ದೇವದುರ್ಗದ ದಾರಿಯಲ್ಲಿ ಹತ್ತಿರ ಹತ್ತಿರದ ಎರಡು ಊರುಗಳನ್ನು ಅವರು ಆರಿಸಿದ್ದರು. ಎರಡರಲ್ಲೂ ಮೆಟ್ಟಿಲ ಬಾವಿ. ಜನ ಮೆಟ್ಟಿಲಿಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು ಕೊಡ ತುಂಬುತ್ತಿದ್ದರು. ಕಾಲಿನ ಹುಣ್ಣಿನಿಂದ ಹುಳ ತನ್ನ ಮರಿಗಳನ್ನು ನೀರಿಗೆ ಬಿಡುತ್ತದೆ, ಆ ನೀರು ಕುಡಿದವರ ಕಾಲಲ್ಲಿ ವರ್ಷ ಕಳೆದ ಮೇಲೆ ಹೊಸ ಹುಳ ಹೊರಬರುತ್ತದೆ ಎಂದು ಡಾಕ್ಟರಬಾಯಿ ನನಗೆ ವಿವರಿಸಿದ್ದರು. ಮೂಡಣ ಊರಿನ ಗೌಡರನ್ನು ಒಪ್ಪಿಸಿ ಬಾವಿಯ ಮೆಟ್ಟಿಲಿಗೆ ಅಡ್ಡ ಗೋಡೆ ಕಟ್ಟಿಸಿದರು, ಮೇಲೆ ನೀರು ಸೇದಲು ಗಡಗಡಿ ಹಾಕಿಸಿದರು. ಪಡುವಣ ಊರು ಕೂಲಿಯವರ ಊರು. ಅಲ್ಲಿಯ ಬಾವಿಯನ್ನು ಮುಟ್ಟಲಿಲ್ಲ.

"ಇಲ್ಲಿ ಯಾಕ ಬ್ಯಾಡ್ರಿ, ಅಕ್ಕಾರ?" ಎಂದೆ.

"ಎರಡೂ ಕಡಿ ಕಟ್ಟಿಸಿದ್ರ, ಗ್ವಾಡಿಯಿಂದನ ಬ್ಯಾನಿ ಕಡಿಮಿ ಆತು ಅಂತ ಹೆಂಗ ತೋರಿಸಲಿ? ಒಂದ ವರ್ಷ ತಂಗಿ. ಪುರಾವೆ ಸಿಕ್ತಂದ್ರ ಸರಕಾರದವ್ರು ಜಿಲ್ಲಾದಾಗಿನ ಎಲ್ಲಾ ಬಾವಿಗೂ ಗ್ವಾಡಿ ಕಟ್ಟಸ್ತಾರ. ಅಲ್ಲೀತನ ಈ ಊರಾಗ ಯಾರಿಗೂ ಏನೂ ಹೇಳಬ್ಯಾಡ."

ಅವರ ಮಾತು ನನಗೆ ಅರ್ಥವಾಗಿತ್ತು. ಒಪ್ಪಿದ್ದೆ ಕೂಡ.

ಪಡುವಣ ಊರಿನಲ್ಲಿ ಒಬ್ಬ ಕೂಲಿ ಹೆಣ್ಣುಮಗಳಿದ್ದಳು. ಆಗ ಬಸುರಿ. ಹಿಮ್ಮಡಿಯ ಹುಣ್ಣಿಗೆ ಬೇವಿನೆಲೆ ಅರೆದು ಕಟ್ಟಿಕೊಂಡಿದ್ದಳು. ಗಂಡ ಮೊಣಕಾಲು ಬಾತು ಗೋಡೆಗೆ ಒರಗಿದ್ದ. ಡಾಕ್ಟರಬಾಯಿ ಪಕ್ಕದ ಮನೆಗೆ ಹೋದಾಗ ಅವಳು ನನ್ನ ಸೆರಗು ಹಿಡಿದಳು.

"ಯವ್ವಾ, ಓದಿದಾಕಿ ನೀನು. ಈ ಹುಳ ಎಲ್ಲಿಂದ ಬರತದ? ನನ್ನ ಹೊಟ್ಟ್ಯಾಗಿನ ಕೂಸಿಗೂ ಬರತದೇನು? ಖರೇ ಹೇಳು."

ಕೈಯಲ್ಲಿ ಹುಣ್ಣಾದವರ ಪಟ್ಟಿ, ಪಟ್ಟಿಯಲ್ಲಿ ಅವಳ ಹೆಸರು... ಕೊನೆಗೆ ಬಾಯಿಬಿಟ್ಟೆ. "ನೀರಾಗಿಂದ ಬರತದ. ಸೀರಿ ಎರಡು ಪದರ ಮಾಡಿ ಸೋಸಿ ಕುಡಿ. ಯಾರ ಮುಂದೂ ಅನಬ್ಯಾಡ."

ಅಂಥ ಮಾತು ಒಂದು ಮನೆಯಲ್ಲಿ ನಿಲ್ಲುತ್ತದೆಯೇ?

ಮರುವರ್ಷ ಬೇಸಿಗೆಯಲ್ಲಿ ಮತ್ತೆ ಎಣಿಸಲು ಹೋದೆವು. ಮೂಡಣ ಊರಿನಲ್ಲಿ ಹುಣ್ಣು ಹೆಚ್ಚುಕಡಿಮೆ ಇಲ್ಲವಾಗಿತ್ತು. ಡಾಕ್ಟರಬಾಯಿಯ ಮುಖ ಅರಳಿತ್ತು. ಪಡುವಣ ಊರಿಗೆ ಬಂದರೆ ಅಲ್ಲೂ ಕೆಲವರಿಗಷ್ಟೇ. ಅವರು ನಂಬದೆ ಮನೆಮನೆಗೆ ಎರಡನೇ ಸಲ ಹೋಗಿ, ಕೂತು, ಒಬ್ಬೊಬ್ಬರ ಕಾಲನ್ನೂ ಮುಟ್ಟಿ ನೋಡಿದರು. ಆಮೇಲೆ ಅವರ ಕಣ್ಣು ಕೊಡಗಳ ಮೇಲೆ ಹೋಯಿತು. ಪ್ರತಿ ಮನೆಯ ಕೊಡದ ಬಾಯಿಗೂ ಹಳೆಯ ಸೀರೆಯ ತುಂಡು ಕಟ್ಟಿತ್ತು.

ಬಂಡಿ ಅರ್ಧ ದಾರಿ ದಾಟಿದ ಮೇಲೆ ಅವರು ನನ್ನ ಕಡೆ ತಿರುಗಿದರು.

"ನೀ ಹೇಳಿದೇನು?"

"ಹೂಂ ರೀ."

ಬೈಗುಳಕ್ಕೆ ತಲೆ ತಗ್ಗಿಸಿ ಕೂತೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಲೇ ಇದ್ದರು.

"ಆ ಬಸರಿ ಹೆಣ್ಮಗಳು ನನ್ನೂ ಕೇಳಿದ್ಲು, ನಿನಗಿಂತ ಮೊದಲ. ಗೊತ್ತಿಲ್ಲ ಅಂದಿದ್ದೆ."

ಅಷ್ಟೇ ಅಂದರು. ಬೈದಿದ್ದರೆ ಚೆನ್ನಾಗಿತ್ತು...

ಎರಡು ಊರುಗಳ ನಡುವೆ ಅಂತರವೇ ಇಲ್ಲ, ಗೋಡೆಯಿಂದ ಏನೂ ಸಿದ್ಧವಾಗಲಿಲ್ಲ ಎಂದು ವಿಶ್ವವಿದ್ಯಾಲಯದ ಪ್ರೊಫೆಸರು ಪ್ರಬಂಧ ತಿರುಗಿ ಕಳಿಸಿದರು. ಡಾಕ್ಟರಬಾಯಿ ಮಾನ್ವಿಯ ಕಡೆ ಮತ್ತೆರಡು ಊರು ಗೊತ್ತುಮಾಡಿ ಮೊದಲಿನಿಂದ ಶುರುಮಾಡಿದರು. ನನ್ನನ್ನು ಕರೆಯಲಿಲ್ಲ. ಅಷ್ಟರಲ್ಲಿ ಸೀಮೆಯಲ್ಲೆಲ್ಲ ಗಲಭೆ ಎದ್ದಿತು. ಬಂಡಿಯವರು ಹಳ್ಳಿಗೆ ಬರಲು ಒಪ್ಪಲಿಲ್ಲ, ಆ ಕೆಲಸವೂ ನಿಂತಿತು. ಅವರು ಎಲ್ಲೋ ದೂರದ ಹೆರಿಗೆ ಆಸ್ಪತ್ರೆಗೆ ನೌಕರಿಗೆ ಹೊರಟರೆಂದು ತಿಳಿದು ರಾಯಚೂರಿಗೆ ಹೋದೆ. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ಅವರು ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದರು. ಪಟ್ಟಿಗಳ ಗಂಟು ಮಾತ್ರ ಅಟ್ಟದ ಮೇಲೇ ಇತ್ತು.

"ಆ ಕೂಸು ಹೆಂಗದ?" ಎಂದರು.

"ಹೆಣ್ಣುರೀ. ನಡದಾಡಾಕತ್ತದ."

"ಚಲೋ ಆತು," ಎಂದು ಮತ್ತೆ ಪೆಟ್ಟಿಗೆಯ ಕಡೆ ಬಾಗಿದರು. ನಾನು ಚಹಾ ಕುಡಿದು ಎದ್ದು ಬಂದೆ.

ಆ ಡಾಕ್ಟರೇಟ್ ಅವರಿಗೆ ಸಿಗಲೇ ಇಲ್ಲ. ಅಲ್ಲೇ, ಆಸ್ಪತ್ರೆಯ ವಸತಿಯಲ್ಲೇ ತೀರಿಕೊಂಡರಂತೆ. ಸುದ್ದಿ ನನಗೆ ಮುಟ್ಟಿದ್ದು ಎಷ್ಟೋ ತಿಂಗಳ ಮೇಲೆ, ಅವರ ತಮ್ಮನಿಂದ. ಮೆಟ್ಟಿಲ ಬಾವಿಗಳನ್ನು ಮುಚ್ಚಿಸುವ ಕೆಲಸ ನಮ್ಮ ಕಡೆ ನಡೆದದ್ದು ಬಹಳ ವರ್ಷಗಳ ನಂತರ. ಅಲ್ಲಿಯವರೆಗೆ ಪ್ರತಿ ಬೇಸಿಗೆಯಲ್ಲೂ ನನ್ನ ತರಗತಿಯಲ್ಲಿ ಕೆಲವು ಜಾಗ ಖಾಲಿ ಇರುತ್ತಿದ್ದವು. ಹಾಜರಿ ಕರೆಯುವಾಗ ಉಳಿದ ಮಕ್ಕಳು ಹೇಳುತ್ತಿದ್ದರು, "ಆಕಿಗೆ ನಾರಾಗ್ಯಾವ್ರೀ."

ಈಗ ಆ ಹುಳ ನಮ್ಮ ದೇಶದಲ್ಲಿ ಎಲ್ಲೂ ಇಲ್ಲ. ಹೋದ ವಾರ ದೇವದುರ್ಗದ ಬಸ್ಸಿನಲ್ಲಿ ಒಬ್ಬ ಬಂದು ನನ್ನ ಪಕ್ಕ ಕೂತ. ಒಂದು ಕಾಲು ಮಡಚಲು ಬಾರದೆ ಕಟ್ಟಿಗೆಯಂತೆ ಮುಂದಕ್ಕೆ ಚಾಚಿಕೊಂಡಿತ್ತು. ಡಾಕ್ಟರಬಾಯಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಹುಟ್ಟಿದವನಿರಬೇಕು. ನಾನು ನೋಡುತ್ತಿರುವುದನ್ನು ಕಂಡು ಅವನೇ ಹೇಳಿದ, "ಸಣ್ಣಾಂವ ಇದ್ದಾಗ ನಾರುಹುಣ್ಣು ಆಗಿತ್ರೀ, ಯವ್ವಾ. ನಮ್ಮೂರಾಗ ಮೆಟ್ಟಿಲ ಬಾವಿ ಇತ್ತು."

ಅವನ ಕಾಲಿಗೆ ಜಾಗ ಬಿಟ್ಟು ಕಿಟಕಿಯ ಕಡೆ ಸರಿದು ಕೂತೆ.